ಕಂಪನಿ ಕೊಳ್ಳುವ ಮುಂಚೆ ವಕೀಲರನ್ನು ಗೊತ್ತುಮಾಡಿಕೊಳ್ಳುವುದು

ಸಣ್ಣ ಕಾರ್ಖಾನೆಯನ್ನೋ ಸಾಫ್ಟ್‌ವೇರ್ ಕಂಪನಿಯನ್ನೋ ಕೊಳ್ಳಲು ಹೊರಟವರು ಎಷ್ಟೋ ಸಲ ತಮ್ಮ ಮನೆಯ ಕ್ರಯಪತ್ರ ಮಾಡಿಸಿಕೊಟ್ಟ ವಕೀಲರ ಬಳಿಗೇ ಹೋಗುತ್ತಾರೆ. ಅವರು ಎಷ್ಟೇ ನಂಬಿಕಸ್ಥರಾಗಿರಲಿ, ಇದು ಬೇರೆ ಕೆಲಸ.

ಯಾವ ವಕೀಲರು ಬೇಕೆನ್ನುವುದು ವ್ಯವಹಾರದ ಬಗೆಯ ಮೇಲೆ ನಿಂತಿದೆ. ಷೇರು ಕೊಂಡರೆ ಕಂಪನಿಯ ಹಳೆಯ ಸಾಲ, ತೆರಿಗೆ ಬಾಕಿ, ಕೇಸುಗಳೆಲ್ಲ ಜೊತೆಗೇ ಬರುತ್ತವೆ. ವ್ಯಾಪಾರವನ್ನಷ್ಟೇ ಇಡಿಯಾಗಿ ಕೊಂಡರೆ, ಅಂದರೆ ಸ್ಲಂಪ್ ಸೇಲ್ ಮಾಡಿದರೆ, ಹೊಣೆಗಳನ್ನು ಒಪ್ಪಂದದಲ್ಲಿ ಹಂಚಿಕೊಳ್ಳಬಹುದು. ಆದರೂ ಜಿಎಸ್‌ಟಿ ಕಾಯ್ದೆಯ 85ನೇ ಕಲಂ ಪ್ರಕಾರ ವರ್ಗಾವಣೆಗೆ ಮುಂಚಿನ ಬಾಕಿಗೆ ಕೊಂಡವರೂ ಹೊಣೆ. ನೀವಿಬ್ಬರೂ ಏನೇ ಬರೆದುಕೊಂಡರೂ ಇಲಾಖೆ ನಿಮ್ಮನ್ನು ಬಿಡುವುದಿಲ್ಲ. ಎರಡು ಕಂಪನಿಗಳ ವಿಲೀನಕ್ಕೆ 2013ರ ಕಂಪನಿ ಕಾಯ್ದೆಯ 230ರಿಂದ 232ನೇ ಕಲಂಗಳಡಿ ಎನ್‌ಸಿಎಲ್‌ಟಿಗೆ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬೇಕು. ಸಣ್ಣ ಕಂಪನಿಗಳಿಗೆ 233ನೇ ಕಲಂನ ಹತ್ತಿರದ ದಾರಿಯಿದೆ.

ವಕೀಲರು ಜಾಹೀರಾತು ಕೊಡುವಂತಿಲ್ಲ, ಹಾಗಾಗಿ ಗೂಗಲ್‌ನಲ್ಲಿ ಮೇಲೆ ಕಂಡ ಹೆಸರನ್ನೇ ನಂಬಬೇಡಿ. ನಿಮ್ಮ ಆಡಿಟರ್, ಕಂಪನಿ ಸೆಕ್ರೆಟರಿಯನ್ನು ಕೇಳಿ. ವಿಲೀನವಾದರೆ ಎನ್‌ಸಿಎಲ್‌ಟಿ ಜಾಲತಾಣದಲ್ಲಿ ಬೆಂಗಳೂರು ಪೀಠದ ಆದೇಶಗಳನ್ನು ತೆರೆದು ನೋಡಿ. ಯಾರು ವಾದಿಸಿದರೆಂಬುದು ಅಲ್ಲೇ ಇರುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಟ್ಟಿ ಇಲ್ಲ.

ಮೊದಲ ಭೇಟಿಯಲ್ಲಿ ಅವರು ಏನು ಕೇಳುತ್ತಾರೆ ಗಮನಿಸಿ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಶೆಡ್ ಇದೆ ಎಂದಕೂಡಲೇ, "ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಜಾಗವೇ? ಶುದ್ಧ ಕ್ರಯಪತ್ರ ಆಗಿದೆಯೇ, ಇನ್ನೂ ಲೀಸ್ ಕಮ್ ಸೇಲ್‌ನಲ್ಲೇ ಇದೆಯೇ?" ಎಂದು ಕೇಳಿದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಲೀಸ್ ಕಮ್ ಸೇಲ್ ಎಂದರೆ ಮೊದಲು ಗುತ್ತಿಗೆ, ಷರತ್ತು ಪೂರೈಸಿದ ಮೇಲೆ ಕ್ರಯ. ಇನ್ನೂ ಲೀಸ್‌ನಲ್ಲೇ ಇದ್ದರೆ ಮಂಡಳಿಯ ಒಪ್ಪಿಗೆಯಿಲ್ಲದೆ ಜಾಗ ಕೈಬದಲಾಗುವುದಿಲ್ಲ. ಮುಂಗಡ ಕೊಟ್ಟ ಮೇಲೆ ಇದು ಗೊತ್ತಾದರೆ ಹಣ ಸಿಕ್ಕಿಹಾಕಿಕೊಳ್ಳುತ್ತದೆ. ಊರಿನ ವಕೀಲರೇ ಬೇಕೆನ್ನುವುದು ಇದಕ್ಕೇ.

ಬ್ಯಾಂಕಿಗೆ ಬರೆದುಕೊಟ್ಟ ಅಡಮಾನ, ಪಿಎಫ್ ಬಾಕಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇವನ್ನೂ ಅವರೇ ಎತ್ತಬೇಕು.

ಫೀಸನ್ನು ಹಂತಹಂತವಾಗಿ ಬರೆಸಿಕೊಳ್ಳಿ: ದಾಖಲೆ ಪರಿಶೀಲನೆಗೆ ಇಷ್ಟು, ಒಪ್ಪಂದದ ಕರಡಿಗೆ ಇಷ್ಟು, ಮುಗಿದ ಮೇಲಿನ ಫೈಲಿಂಗ್‌ಗೆ ಇಷ್ಟು. ವ್ಯವಹಾರದ ಮೊತ್ತದಲ್ಲಿ ಪಾಲು ಕೇಳುವವರಿಂದ ದೂರವಿರಿ. "ಇದು ಬೇಡ, ಬಿಟ್ಟುಬಿಡಿ" ಎಂದು ಹೇಳಲು ಅಂಥವರಿಗೆ ಮನಸ್ಸು ಬರುವುದಿಲ್ಲ. ಮಾರುವವರ ವಕೀಲರನ್ನೇ ಇಬ್ಬರಿಗೂ ಇಟ್ಟುಕೊಳ್ಳೋಣ ಎಂದರೆ ಒಪ್ಪಲೇಬೇಡಿ.