ಬೌಂಡರಿ ಸ್ಟ್ರೀಟ್‌ನ ಆಚೆ-ಈಚೆ

ಕೌಲೂನಿನ ಪ್ರಿನ್ಸ್ ಎಡ್ವರ್ಡ್ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದು ಹೂವಿನ ಮಾರುಕಟ್ಟೆ ದಾಟಿದರೆ ಬೌಂಡರಿ ಸ್ಟ್ರೀಟ್. ಹಾಂಗ್‌ಕಾಂಗ್‌ಗೆ ಹೋದವರು ಇದನ್ನು ನೋಡಲೆಂದೇ ಬರುವುದು ಅಪರೂಪ. ನನಗೆ ಮಾತ್ರ ಇದನ್ನೇ ಮೊದಲು ನೋಡಬೇಕಿತ್ತು. ರಸ್ತೆಯ ದಕ್ಷಿಣದ ನೆಲವನ್ನು ಚೀನಾ 1860ರಲ್ಲಿ ಬ್ರಿಟನ್ನಿಗೆ ಬಿಟ್ಟುಕೊಟ್ಟಿತ್ತು. ಉತ್ತರದ್ದು 1898ರಲ್ಲಿ 99 ವರ್ಷದ ಗುತ್ತಿಗೆಗೆ ಕೊಟ್ಟದ್ದು. ಈಚೆ ಬದಿಯ ಫುಟ್‌ಪಾತಿನಲ್ಲಿ ನಿಂತು ಆಚೆ ನೋಡಿದೆ: ಅದೇ ಥರದ ವಸತಿ ಕಟ್ಟಡಗಳು, ಕಿಟಕಿಗೆ ಅದೇ ಎಸಿ ಪೆಟ್ಟಿಗೆಗಳು, ಅದೇ ಟ್ಯಾಕ್ಸಿಗಳ ಸಾಲು.

ಹಾಂಗ್‌ಕಾಂಗ್ ಚೀನಾಕ್ಕೆ ಮರಳುವ ಮಾತುಕತೆಯನ್ನೆಲ್ಲ ಶುರುಮಾಡಿದ್ದು ಆ ಗುತ್ತಿಗೆಯ ಗಡುವೇ. ಉತ್ತರದ ಕಡೆ ಮನೆ, ಕಾರ್ಖಾನೆಗೆ ದುಡ್ಡು ಹಾಕುವವರಿಗೆ 1997ರ ಆಚೆ ತಮ್ಮ ಜಮೀನಿನ ಪತ್ರಗಳ ಗತಿ ಏನೆಂಬ ಚಿಂತೆ. 1979ರಲ್ಲಿ ಹಾಂಗ್‌ಕಾಂಗ್‌ನ ಬ್ರಿಟಿಷ್ ಗವರ್ನರ್ ಮ್ಯಾಕ್ಲಿಹೋಸ್ ಬೀಜಿಂಗ್‌ಗೆ ಹೋಗಿ ವಿಚಾರಿಸಿದರು. 1982ರ ಸೆಪ್ಟೆಂಬರಿನಲ್ಲಿ, ಫಾಕ್‌ಲ್ಯಾಂಡ್ಸ್ ಯುದ್ಧ ಗೆದ್ದ ಹುರುಪಿನಲ್ಲೇ ಬ್ರಿಟನ್ನಿನ ಪ್ರಧಾನಿ ಥ್ಯಾಚರ್ ಹೋದರು. ಸಾರ್ವಭೌಮತ್ವ ಚರ್ಚೆಯ ವಿಷಯವೇ ಅಲ್ಲ ಎಂದುಬಿಟ್ಟರು ಚೀನಾದ ನಾಯಕ ಡೆಂಗ್ ಶಿಯಾವೋಪಿಂಗ್. ಹಾಂಗ್‌ಕಾಂಗ್ ದ್ವೀಪ ಮತ್ತು ಕೌಲೂನಿನ ದಕ್ಷಿಣ ತುದಿಯನ್ನಷ್ಟೇ ಇಟ್ಟುಕೊಂಡು ಬದುಕಲು ಬ್ರಿಟನ್ನಿಗೂ ಆಗುವಂತಿರಲಿಲ್ಲ; ಕುಡಿಯುವ ನೀರಿನ ದೊಡ್ಡ ಪಾಲೇ ಚೀನಾದ ಡಾಂಗ್‌ಜಿಯಾಂಗ್ ನದಿಯಿಂದ ಬರುತ್ತಿತ್ತು. 1983ರಲ್ಲಿ ಮಾತುಕತೆ ಮುಗ್ಗರಿಸಿದಾಗ ಹಾಂಗ್‌ಕಾಂಗ್ ಡಾಲರ್ ಕುಸಿಯಿತು. ಅಕ್ಟೋಬರಿನಲ್ಲಿ ಅದನ್ನು ಅಮೆರಿಕದ ಡಾಲರಿಗೆ 7.80ರಂತೆ ಕಟ್ಟಿಹಾಕಿದರು. ನಾನು ಹಣ ಬದಲಿಸಿದ ಅಂಗಡಿಯ ಬೋರ್ಡಿನಲ್ಲೂ ದರ ಅದರ ಆಸುಪಾಸಿನಲ್ಲೇ ಇತ್ತು. 1984ರ ಡಿಸೆಂಬರ್ 19ರಂದು ಬೀಜಿಂಗ್‌ನಲ್ಲಿ ಥ್ಯಾಚರ್ ಮತ್ತು ಚೀನಾದ ಪ್ರಧಾನಿ ಝಾವೋ ಝಿಯಾಂಗ್ ಜಂಟಿ ಘೋಷಣೆಗೆ ಸಹಿ ಹಾಕಿದರು: 1997ರ ಜುಲೈ 1ಕ್ಕೆ ಹಾಂಗ್‌ಕಾಂಗ್ ಚೀನಾಕ್ಕೆ ಹಸ್ತಾಂತರ, 50 ವರ್ಷ ಬದುಕಿನ ರೀತಿ ಬದಲಾಗದು.

ನನಗೆ ನೋವಾಗುವುದು ಆ ಮಾತುಕತೆಯ ಮೇಜಿನ ಬಗ್ಗೆ. ಅಲ್ಲಿ ಹಾಂಗ್‌ಕಾಂಗ್ ಜನರಿಗೆ ಕುರ್ಚಿಯೇ ಇರಲಿಲ್ಲ. ಅವರ ಪರವಾಗಿ ಬಂದಿದ್ದೇನೆ ಎಂದ ಗವರ್ನರ್ ಯೂಡ್ ಅವರ ಮಾತನ್ನು ಬೀಜಿಂಗ್ ಒಪ್ಪಲಿಲ್ಲ. ನೀವು ಬ್ರಿಟಿಷ್ ನಿಯೋಗದವರಷ್ಟೇ ಎಂದಿತು. ಅದಕ್ಕೂ ಮೊದಲೇ, 1972ರಲ್ಲಿ, ಚೀನಾದ ಒತ್ತಾಯದ ಮೇಲೆ ವಿಶ್ವಸಂಸ್ಥೆ ತನ್ನ ವಸಾಹತುಗಳ ಪಟ್ಟಿಯಿಂದ ಹಾಂಗ್‌ಕಾಂಗ್ ಹೆಸರನ್ನು ತೆಗೆದಿತ್ತು. ಉಳಿದ ವಸಾಹತುಗಳಿಗಿದ್ದ ಸ್ವಯಂನಿರ್ಣಯದ ದಾರಿ ಅಲ್ಲಿಗೇ ಮುಚ್ಚಿತು.

ಸ್ಟಾರ್ ಫೆರಿ ಹತ್ತಿ ವಾನ್ ಚಾಯ್ ಕಡೆಗೆ ಹೊರಟೆ. ಈ ದೋಣಿ ಸಂಚಾರಕ್ಕೆ ಅಡಿಪಾಯ ಹಾಕಿದವರು ದೋರಾಬ್ಜಿ ನವ್ರೋಜಿ ಎಂಬ ಪಾರ್ಸಿ. ಹಸ್ತಾಂತರ ನಡೆದ ಸಭಾಭವನದ ಪಕ್ಕ, ಚಿನ್ನದ ಬಣ್ಣದ ದೊಡ್ಡ ಬೌಹಿನಿಯಾ ಹೂವಿನ ಪ್ರತಿಮೆಯ ಮುಂದೆ ಪ್ರವಾಸಿಗರು ಸರದಿಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಸಂಜೆ ಸಿಮ್ ಶಾ ಚೂಯ್‌ಗೆ ವಾಪಸಾದೆ. ನಾಥನ್ ರಸ್ತೆಯ ಮಸೀದಿ, ಚುಂಗ್‌ಕಿಂಗ್ ಮ್ಯಾನ್ಶನ್ಸ್ ಕೆಳಗಿನ ಸಮೋಸ ಅಂಗಡಿಗಳು. ಇಲ್ಲೇ ಹುಟ್ಟಿ ಬೆಳೆದ ಭಾರತೀಯ ಮೂಲದ ಎಷ್ಟೋ ಮಂದಿಗೆ ಆ ಒಪ್ಪಂದದಲ್ಲಿ ಚೀನಾದ ಪೌರತ್ವವೂ ಇರಲಿಲ್ಲ, ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕೂ ಇರಲಿಲ್ಲ. ವರ್ಷಗಟ್ಟಲೆ ಮನವಿ ಸಲ್ಲಿಸಿದರು. ಬೇರೆ ಯಾವ ದೇಶದ ಪೌರತ್ವವೂ ಇಲ್ಲದ ಅಂಥವರಿಗೆ ಬ್ರಿಟಿಷ್ ಪೌರತ್ವ ಕೊಡುವ ಕಾನೂನು ಬಂದದ್ದು 1997ರಲ್ಲಿ, ಬಾವುಟ ಇಳಿಯಲು ಕೆಲವೇ ತಿಂಗಳಿದ್ದಾಗ.