ಕಪಾಟಿನಲ್ಲಿ ಉಳಿದ ಔಷಧಗಳು

ಅಮ್ಮನ ದೀರ್ಘಕಾಲದ ಚಿಕಿತ್ಸೆ ಮುಗಿದ ಮೇಲೆ ಕಪಾಟಿನಲ್ಲಿ ಉಳಿದ ಮಾತ್ರೆ, ಸಿರಪ್, ನೋವಿನ ಪಟ್ಟಿಗಳನ್ನು ಏನು ಮಾಡಬೇಕೆಂದು ತಿಳಿಯದೆ ಬಹಳ ದಿನ ಹಾಗೆಯೇ ಇಟ್ಟುಕೊಂಡಿದ್ದೆ. ಶೌಚಾಲಯಕ್ಕೆ ಸುರಿದು ನೀರು ಬಿಡುವುದು ಸುಲಭವೆನಿಸುತ್ತದೆ. ಆದರೆ ಕೊಳಚೆ ನೀರಿನ ಶುದ್ಧೀಕರಣ ಘಟಕಗಳು ಔಷಧದ ಅಂಶಗಳನ್ನು ಪೂರ್ತಿಯಾಗಿ ತೆಗೆಯಲಾರವಾದ್ದರಿಂದ ಅವು ನದಿ ಕೆರೆಗಳನ್ನು ಸೇರುತ್ತವೆ, ಆ್ಯಂಟಿಬಯಾಟಿಕ್‌ಗಳಾದರೆ ಅವಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ಅಲ್ಲಿ ಬೆಳೆಯಲು ಆಸ್ಪದವಾಗುತ್ತದೆ.

ಹಳೆಯ ಔಷಧಗಳನ್ನು ಮರಳಿ ಪಡೆಯುವ ಔಷಧದಂಗಡಿಯೋ ಆಸ್ಪತ್ರೆಯೋ ಇದ್ದರೆ ಅಲ್ಲಿಗೆ ಒಪ್ಪಿಸುವುದೇ ಎಲ್ಲಕ್ಕಿಂತ ಉತ್ತಮ. ಅಂಥ ವ್ಯವಸ್ಥೆ ಇಲ್ಲದಲ್ಲಿ ಸಾಮಾನ್ಯ ಮಾತ್ರೆಗಳನ್ನು ಪುಡಿ ಮಾಡದೆ, ಮಣ್ಣು ಅಥವಾ ಬಳಸಿದ ಕಾಫಿ ಚರಟದೊಂದಿಗೆ ಬೆರೆಸಿ, ಮಕ್ಕಳ ಮತ್ತು ಪ್ರಾಣಿಗಳ ಬಾಯಿಗೆ ಹೋಗದಂತೆ ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಬಹುದು. ಡಬ್ಬಿಯ ಮೇಲಿನ ರೋಗಿಯ ಹೆಸರನ್ನು ಅಳಿಸಲು ಮರೆಯಬಾರದು.

ನನ್ನನ್ನು ನಿಜಕ್ಕೂ ಹೆದರಿಸಿದ್ದು ಫೆಂಟನಿಲ್ ಎಂಬ ಬಲವಾದ ನೋವುನಿವಾರಕವಿರುವ, ಚರ್ಮಕ್ಕೆ ಅಂಟಿಸುವ ಪಟ್ಟಿ. 3 ದಿನ ಮೈಮೇಲಿದ್ದು ತೆಗೆದ ನಂತರವೂ ಅದರಲ್ಲಿ ಮಗುವಿನ ಪ್ರಾಣಕ್ಕೆ ಎರವಾಗುವಷ್ಟು ಔಷಧ ಉಳಿದಿರಬಲ್ಲದು. ಅದನ್ನು ಅಂಟಿನ ಬದಿ ಒಳಗಾಗುವಂತೆ ಮಡಚಿ, ಜೊತೆಗೆ ಬಂದ ಸೂಚನಾಪತ್ರದಲ್ಲಿ ಹೇಳಿರುವಂತೆ ಆಗಲೇ ವಿಲೇವಾರಿ ಮಾಡಬೇಕು. ಇನ್ಹೇಲರ್‌ಗಳನ್ನು ಚುಚ್ಚಬಾರದು, ಸುಡಬಾರದು. ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲೇ ಹಾಕಬೇಕು. ಇಲ್ಲವಾದರೆ ಅವು ಕಸ ಎತ್ತುವವರ ಕೈಗೆ ಚುಚ್ಚುತ್ತವೆ.