64 ಆಂಟೆನಾ, ಒಂದೇ ಪೈಲಟ್

5ಜಿ ಟವರ್ ಮೇಲಿನ ಚಪ್ಪಟೆ ಪೆಟ್ಟಿಗೆ ನೋಡಿರುತ್ತೀರಿ, ಅಲ್ವಾ? ದೊಡ್ಡ ಊರುಗಳಲ್ಲಿ ಅದರೊಳಗೆ 64 ಆಂಟೆನಾ ಇರೋದು ಸಾಮಾನ್ಯ. ಜಾಸ್ತಿ ಆಂಟೆನಾ ಹಾಕಿದರೆ ಸ್ಪೀಡ್ ತಾನಾಗಿ ಬರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಸಿಗ್ನಲ್ಲನ್ನು ನಿಮ್ಮ ಫೋನಿನ ಕಡೆಗೇ ತಿರುಗಿಸಬೇಕಾದರೆ, ಪ್ರತಿಯೊಂದು ಆಂಟೆನಾದಿಂದ ಫೋನಿನ ತನಕ ಬರುವಷ್ಟರಲ್ಲಿ ಅಲೆ ಎಷ್ಟು ಕುಗ್ಗುತ್ತದೆ, ಅದರ ಫೇಸ್ (ಏರಿಳಿತದ ಹಂತ) ಎಷ್ಟು ಬದಲಾಗುತ್ತದೆ ಅನ್ನೋದು ಟವರ್‌ಗೆ ಗೊತ್ತಿರಬೇಕು. ಚಾನೆಲ್ ಅಂದರೆ ಇಷ್ಟೇ.

ಅಳೆಯುವ ರೀತಿ ಸುಲಭ. ಎರಡೂ ಕಡೆಗೆ ಮೊದಲೇ ಗೊತ್ತಿರುವ ಒಂದು ಸಿಗ್ನಲ್ ಕಳಿಸಬೇಕು, ಅದೇ ಪೈಲಟ್. ಬಂದದ್ದನ್ನು ಕಳಿಸಿದ್ದರಿಂದ ಭಾಗಿಸಿದರೆ ಚಾನೆಲ್ ಸಿಕ್ಕಿತು, ಜೊತೆಗೆ ಒಂದಿಷ್ಟು ನಾಯ್ಸ್. ಕಷ್ಟ ಇರೋದು ಸಮಯದಲ್ಲಿ. 3.5 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 8.6 ಸೆಂಟಿಮೀಟರ್. ಗಂಟೆಗೆ 60 ಕಿಲೋಮೀಟರ್ ವೇಗದ ಬಸ್ಸಿನಲ್ಲಿ ಕೂತ ಫೋನು ಅದರ ಕಾಲು ಭಾಗ ದಾಟೋಕೆ 1.3 ಮಿಲಿಸೆಕೆಂಡ್ ಸಾಕು. ಅಷ್ಟರಲ್ಲಿ ನಿಮ್ಮ ಅಳತೆ ಹಳೇದಾಗಿರುತ್ತದೆ. ಸಬ್‌ಕ್ಯಾರಿಯರ್‌ಗಳ (ಸಿಗ್ನಲ್ ಹಂಚಿಹೋಗುವ ಸಣ್ಣ ಫ್ರೀಕ್ವೆನ್ಸಿ ಪಟ್ಟಿಗಳು) ನಡುವೆ 30 ಕಿಲೋಹರ್ಟ್ಸ್ ಅಂತರವಿರುವ 5ಜಿಯಲ್ಲಿ ಆ ಅವಧಿಗೆ ಸಿಗೋದು ಸುಮಾರು 36 ಸಿಂಬಲ್, ಅಂದರೆ ಒಂದೊಂದು ಸಲಕ್ಕೆ ಕಳಿಸುವ ಸಿಗ್ನಲ್ ತುಣುಕು. 64 ಆಂಟೆನಾಗೂ ಬೇರೆ ಬೇರೆ ಪೈಲಟ್ ಕಳಿಸುತ್ತಾ ಕೂತರೆ, ಅಕ್ಕಪಕ್ಕದ ಸಬ್‌ಕ್ಯಾರಿಯರ್‌ಗಳಿಗೆ ಹಂಚಿದರೂ, ಡೇಟಾಗೆ ಉಳಿಯುವ ಜಾಗ ಕಮ್ಮಿಯಾಗುತ್ತಾ ಹೋಗುತ್ತದೆ.

ಇಲ್ಲಿ ನನಗೆ ತುಂಬಾ ಇಷ್ಟವಾಗುವ ಉಪಾಯ ಒಂದಿದೆ: ಟವರ್ ಸುಮ್ನಿರಲಿ, ಫೋನೇ ಪೈಲಟ್ ಕಳಿಸಲಿ. ಒಂದು ಪೈಲಟ್ 64 ಆಂಟೆನಾಗಳನ್ನೂ ಒಟ್ಟಿಗೇ ತಲುಪುತ್ತದೆ. ಎರಡೂ ದಿಕ್ಕಿಗೆ ಒಂದೇ ಫ್ರೀಕ್ವೆನ್ಸಿ ಬಳಸುವ ಟಿಡಿಡಿಯಲ್ಲಿ ಹೋಗುವ ದಾರಿ, ಬರುವ ದಾರಿ ಒಂದೇ ಆಗಿರುವುದರಿಂದ ಅದೇ ಅಳತೆಯನ್ನು ವಾಪಸ್ ಕಳಿಸೋಕೂ ಬಳಸಬಹುದು (ಟವರ್ ಒಳಗಿನ ಸರ್ಕ್ಯೂಟ್‌ಗಳ ವ್ಯತ್ಯಾಸ ಮಾತ್ರ ಬೇರೆಯಾಗಿ ಸರಿಮಾಡಿಕೊಳ್ಳಬೇಕು). ಖರ್ಚು ಈಗ ಆಂಟೆನಾ ಲೆಕ್ಕದಲ್ಲಿಲ್ಲ, ಫೋನುಗಳ ಲೆಕ್ಕದಲ್ಲಿದೆ. ನಮ್ಮಲ್ಲಿ 5ಜಿಗೆ ಕೊಟ್ಟಿರುವ 3.3 ಗಿಗಾಹರ್ಟ್ಸ್ ಬ್ಯಾಂಡ್ ಟಿಡಿಡಿಯೇ.

ಆದರೆ ಪೈಲಟ್‌ಗಳೂ ಎಣಿಸಿದಷ್ಟೇ. ಪಕ್ಕದ ಸೆಲ್‌ನಲ್ಲಿ (ಇನ್ನೊಂದು ಟವರ್‌ನ ವ್ಯಾಪ್ತಿಯಲ್ಲಿ) ಇನ್ಯಾರದೋ ಫೋನು ಅದೇ ಪೈಲಟ್ ಕಳಿಸಿದರೆ ಟವರ್‌ಗೆ ಎರಡೂ ಚಾನೆಲ್ ಕಲಸಿಹೋಗಿ ಬರುತ್ತವೆ. ಬೆಲ್ ಲ್ಯಾಬ್ಸ್‌ನ ಥಾಮಸ್ ಮಾರ್ಜೆಟ್ಟಾ 2010ರಲ್ಲಿ ತೋರಿಸಿದ್ದು ಇದನ್ನೇ. ಆಂಟೆನಾ ಹೆಚ್ಚಿಸುತ್ತಾ ಹೋದರೆ ನಾಯ್ಸ್ ಮಾಯವಾಗುತ್ತದೆ, ಅವರ ಲೆಕ್ಕದಲ್ಲಿ ಈ ಕಲಬೆರಕೆ ಮಾತ್ರ ಉಳಿಯುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ಟವರ್ ಎತ್ತರದಲ್ಲಿದ್ದರೆ ಒಂದು ಫೋನಿನ ಸಿಗ್ನಲ್ ಎಲ್ಲ ದಿಕ್ಕಿಂದ ಬರೋದಿಲ್ಲ, ಕೆಲವೇ ಕೋನಗಳಿಂದ ಬರುತ್ತದೆ. ಅಂದರೆ ಒಂದೊಂದು ಆಂಟೆನಾಗೆ ಒಂದರಂತೆ ಚಾನೆಲ್ ಹೇಳುವ ಆ 64 ಸಂಖ್ಯೆಗಳು ಒಂದಕ್ಕೊಂದು ನಂಟಿರುವಂಥವು. ಆ ನಂಟನ್ನು ಹೇಳುವ ಕೋವೇರಿಯನ್ಸ್ ಗೊತ್ತಿದ್ದರೆ, ಸರಾಸರಿ ತಪ್ಪನ್ನು ಆದಷ್ಟು ಕಮ್ಮಿ ಮಾಡುವ ಎಂಎಂಎಸ್ಇ ಲೆಕ್ಕ ಬೇರೆ ದಿಕ್ಕಿಂದ ಬಂದ ಕಲಬೆರಕೆಯನ್ನು ಬಹುಪಾಲು ಸೋಸಿಬಿಡುತ್ತದೆ. ಸುಮ್ನೆ ಭಾಗಿಸುವ ಲೀಸ್ಟ್ ಸ್ಕ್ವೇರ್ಸ್‌ಗೆ ಇದು ಆಗದ ಕೆಲಸ. ಈಗ ಎಲ್ಲದಕ್ಕೂ ನ್ಯೂರಲ್ ನೆಟ್‌ವರ್ಕ್ ತುರುಕುವ ಆತುರ ಇದೆ, ಆದರೆ ಈ ಕೋನಗಳ ಲೆಕ್ಕ ಅರ್ಥಮಾಡಿಕೊಳ್ಳದೆ ಅಲ್ಲಿಗೆ ಹಾರಬೇಡಿ ಅಂತ ನನ್ನ ಕಳಕಳಿ.

ಪೈಥಾನ್ ಬರುತ್ತಿದ್ದರೆ ಮಾಡಿನೋಡಿ: 64 ಆಂಟೆನಾದ ಒಂದು ಸಾಲು, 10 ಮತ್ತು 40 ಡಿಗ್ರಿಯ ಸುತ್ತ ಎರಡು ಫೋನು, ಇಬ್ಬರಿಗೂ ಒಂದೇ ಪೈಲಟ್. ಎರಡೂ ವಿಧಾನದ ತಪ್ಪನ್ನು ಪಕ್ಕಪಕ್ಕ ಪ್ಲಾಟ್ ಮಾಡಿ. ಆಮೇಲೆ 40 ಅನ್ನು ನಿಧಾನಕ್ಕೆ 12ರ ತನಕ ಇಳಿಸಿ, ಎಂಎಂಎಸ್ಇ ಎಲ್ಲಿ ಕೈಕೊಡುತ್ತದೆ ಗಮನಿಸಿ.